ನೀರು ಕಪ್ಪಾಯಿತು, ಮುಂದೇನು?

ಕಾರ್ಬನ್ ನ್ಯಾನೊಟ್ಯೂಬ್‌ಗಳ ಮೇಲೆ ಪ್ರಾಜೆಕ್ಟ್ ಹಿಡಿದಿರುವ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ವಿದ್ಯಾರ್ಥಿಗಳೇ,

ಈ ವಿಷಯದ ಪ್ರಾಜೆಕ್ಟ್ ವರದಿಗಳಲ್ಲಿ ಒಂದು ಫೋಟೊ ಹೆಚ್ಚುಕಡಿಮೆ ಕಾಯಂ. ಪಕ್ಕಪಕ್ಕದಲ್ಲಿ ಎರಡು ಗಾಜಿನ ಬಾಟಲಿ. ಎಡಗಡೆಯದರಲ್ಲಿ ನೀರು ತಿಳಿಯಾಗಿದೆ, ತಳದಲ್ಲಿ ಕರಿ ಪುಡಿ ಗಡ್ಡೆ ಕಟ್ಟಿ ಕೂತಿದೆ. ಬಲಗಡೆಯದು ಮೇಲಿಂದ ಕೆಳತನಕ ಕಪ್ಪು. ಅಡಿಬರಹ: ಬಣ್ಣ ಹಾಕದ ನ್ಯಾನೊಟ್ಯೂಬ್, ಬಣ್ಣ ಹಾಕಿದ ನ್ಯಾನೊಟ್ಯೂಬ್. ಮಾರ್ಗದರ್ಶಕರು ತಲೆದೂಗುತ್ತಾರೆ, ಪರೀಕ್ಷಕರು ಪುಟ ತಿರುವುತ್ತಾರೆ, ಎಲ್ಲರೂ ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ. ಈ ಪತ್ರ ಇರುವುದು ಆ ಬಲಗಡೆಯ ಬಾಟಲಿಯ ಬಗ್ಗೆ. ಅದು ಏನನ್ನು ಸಾಬೀತು ಮಾಡಿದೆ ಎಂದು ಕೇಳಿದರೆ, ಬಹಳ ಸಲ, ಏನನ್ನೂ ಇಲ್ಲ.

ಮೊದಲು ಎಡಗಡೆಯ ಬಾಟಲಿಯ ಕಷ್ಟ ಅರ್ಥವಾಗಬೇಕು. ಜಪಾನಿನ ತ್ಸುಕುಬಾದ ಎನ್‌ಇಸಿ ಪ್ರಯೋಗಾಲಯದಲ್ಲಿ ಸುಮಿಯೊ ಇಜಿಮಾ 1991ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಕಂಡದ್ದು ಹಲವು ಪದರಗಳ ಕೊಳವೆ. ಎರಡು ವರ್ಷಗಳ ಬಳಿಕ, 1993ರಲ್ಲಿ, ಅವರ ತಂಡ ಮತ್ತು ಅಮೆರಿಕದ ಐಬಿಎಂ ತಂಡ ಬೇರೆಬೇರೆಯಾಗಿ ಒಂದೇ ಪದರದ ಕೊಳವೆಯನ್ನು ವರದಿ ಮಾಡಿದವು. ಒಂದು ಪರಮಾಣುವಿನಷ್ಟೇ ದಪ್ಪದ ಇಂಗಾಲದ ಹಾಳೆ ಸುರುಳಿ ಸುತ್ತಿಕೊಂಡಿದೆ, ವ್ಯಾಸ ಸುಮಾರು ಒಂದು ನ್ಯಾನೊಮೀಟರ್, ಉದ್ದ ಅದರ ಸಾವಿರಾರು ಪಟ್ಟು. ಗೋಡೆಯ ತುಂಬ ಬರೀ ಇಂಗಾಲ. ನೀರಿನ ಅಣುವಿಗೆ ಕೈಯಿಟ್ಟು ಹಿಡಿಯಲು ಅಲ್ಲಿ ಒಂದು ಆಮ್ಲಜನಕವೂ ಇಲ್ಲ, ವಿದ್ಯುದಾವೇಶವೂ ಇಲ್ಲ. ಕೊಳವೆಗಳ ನಡುವಿನ ಆಕರ್ಷಣೆಯೋ ಭಾರಿ. ಎರಡು ಕೊಳವೆಗಳು ಒಂದು ಮೈಕ್ರೊಮೀಟರ್ ಉದ್ದಕ್ಕೆ ಅಂಟಿಕೊಂಡರೆ ಅವನ್ನು ಬಿಡಿಸಲು ಸುಮಾರು 500 ಎಲೆಕ್ಟ್ರಾನ್ ವೋಲ್ಟ್ ಬೇಕು. ಕೋಣೆಯ ಉಷ್ಣತೆ ಕೊಡುವುದು 0.025 ಎಲೆಕ್ಟ್ರಾನ್ ವೋಲ್ಟ್, ಅಂದರೆ ಇಪ್ಪತ್ತು ಸಾವಿರದಲ್ಲೊಂದು ಪಾಲು. ತಾವಾಗಿ ಬಿಡಿಸಿಕೊಳ್ಳುವ ಮಾತೇ ಇಲ್ಲ. ಸೆಣಬಿನ ಎಳೆಗಳು ಹೊಸೆದು ಹುರಿಯಾದಂತೆ ಹತ್ತಾರು, ನೂರಾರು ಕೊಳವೆಗಳು ಒಟ್ಟು ಸೇರಿ ಕಟ್ಟಾಗಿರುತ್ತವೆ.

ಸೋನಿಕೇಟರ್ ಹಚ್ಚಿದಾಗ ನೀರಿನಲ್ಲಿ ಹುಟ್ಟಿ ಒಡೆಯುವ ಗುಳ್ಳೆಗಳು ಆ ಹುರಿಯ ತುದಿಗಳನ್ನು ಎಳೆದು ಬಿಡಿಸುತ್ತವೆ. ಕ್ಷಣಮಾತ್ರ ಒಂದು ಸಂದಿ ತೆರೆಯುತ್ತದೆ. ಅದರೊಳಕ್ಕೆ ಏನಾದರೂ ನುಸುಳಿ ಗೋಡೆಗೆ ಅಂಟಿದರೆ ಸಂದಿ ಮುಂದಕ್ಕೆ ಸೀಳುತ್ತ ಹೋಗುತ್ತದೆ. ಇಲ್ಲವಾದರೆ ಮುಚ್ಚಿಕೊಳ್ಳುತ್ತದೆ. ಎಡಗಡೆಯ ಬಾಟಲಿಯಲ್ಲಿ ಆದದ್ದು ಇಷ್ಟೇ.

ನುಸುಳುವ ಆ ವಸ್ತು ಯಾವುದಿರಬೇಕು ಎಂಬ ಹುಡುಕಾಟಕ್ಕೆ ಒಳ್ಳೆಯ ಇತಿಹಾಸವೇ ಇದೆ. ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಲ್ಲಿ ಕುದಿಸಿ ಗೋಡೆಗೆ ಕಾರ್ಬಾಕ್ಸಿಲ್ ಗುಂಪುಗಳನ್ನು ಕೂರಿಸುವುದು ಹಳೆಯ ದಾರಿ. ಕೊಳವೆಗಳು ನೀರಿಗೆ ಒಗ್ಗುತ್ತವೆ ನಿಜ, ಆದರೆ ಗೋಡೆ ತೂತುಬಿದ್ದು ವಿದ್ಯುತ್ ಹರಿಯುವ ದಾರಿ ಕೆಡುತ್ತದೆ. ಯಾವ ಗುಣಕ್ಕಾಗಿ ಕೊಳವೆ ಬೇಕಿತ್ತೋ ಆ ಗುಣವೇ ಹೋದ ಮೇಲೆ ನೀರಿಗೆ ಒಗ್ಗಿ ಏನು ಪ್ರಯೋಜನ? 2002ರಲ್ಲಿ ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದವರು ಟೂತ್‌ಪೇಸ್ಟ್, ಶಾಂಪೂಗಳಲ್ಲಿರುವ ಸೋಡಿಯಂ ಡೊಡೆಸೈಲ್ ಸಲ್ಫೇಟನ್ನೇ ಬಳಸಿ, ಗುರುತ್ವದ ಲಕ್ಷಪಟ್ಟಿಗೂ ಹೆಚ್ಚಿನ ಬಲದಲ್ಲಿ ತಿರುಗಿಸಿ, ಬಿಡಿ ಕೊಳವೆಗಳನ್ನು ಮೇಲೆ ಉಳಿಸಿಕೊಂಡರು. ಆ ಬಿಡಿ ಕೊಳವೆಗಳು ಅವಕೆಂಪು ಬೆಳಕಿನಲ್ಲಿ ಮಿನುಗಿದವು. ಕಟ್ಟಿನಲ್ಲಿದ್ದಾಗ ಈ ಮಿನುಗು ಕಾಣದು, ನೆರೆಯ ಲೋಹಗುಣದ ಕೊಳವೆಗಳು ಅದನ್ನು ನುಂಗಿಬಿಡುತ್ತವೆ. ಅದೇ ವರ್ಷ ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದಲ್ಲಿ ಗಮ್ ಅರೇಬಿಕ್ ಎಂಬ ಜಾಲಿ ಜಾತಿಯ ಮರದ ಅಂಟು ಇದೇ ಕೆಲಸ ಮಾಡಿತು. ದೀಪದ ಕಾಡಿಗೆಗೆ ಮರದ ಅಂಟು ಬೆರೆಸಿ ಬರೆಯುವ ಮಸಿ ಮಾಡಿಕೊಳ್ಳುತ್ತಿದ್ದವರಿಗೆ ಈ ಸುದ್ದಿ ತಿಳಿದಿದ್ದರೆ ಆಶ್ಚರ್ಯವೇನೂ ಆಗುತ್ತಿರಲಿಲ್ಲ. 2003ರಲ್ಲಿ ಡುಪಾಂಟ್ ಕಂಪನಿಯ ವಿಜ್ಞಾನಿಗಳು ಡಿಎನ್‌ಎ ಎಳೆಯನ್ನೇ ಕೊಳವೆಗೆ ಸುತ್ತಿಸಿದರು.

ಇಷ್ಟೆಲ್ಲ ಇರುವಾಗ ಬಣ್ಣ ಏಕೆ? ಸಾಬೂನಿನ ಜಾತಿಯ ಅಣುಗಳು ಕೊಳವೆಯ ಮೇಲೆ ನೆಲೆನಿಲ್ಲುವುದಿಲ್ಲ, ಬಂದುಹೋಗುತ್ತಲೇ ಇರುತ್ತವೆ. ಅದಕ್ಕೇ ಅವನ್ನು ಧಾರಾಳವಾಗಿ ಹಾಕಬೇಕು. ನೀರು ಹೆಚ್ಚಿಸಿ ತೆಳುಮಾಡಿದರೆ ಅವು ಕಳಚಿಕೊಳ್ಳುತ್ತವೆ, ಕೊಳವೆಗಳು ಮತ್ತೆ ಗಡ್ಡೆ ಕಟ್ಟುತ್ತವೆ. ಬಣ್ಣದ ಅಣುವಿನ ಪಟ್ಟು ಬೇರೆ. ಅದರ ಬೆನ್ನೆಲುಬು ಸಮತಟ್ಟಾದ ಬೆಂಜೀನ್ ಉಂಗುರಗಳದ್ದು, ಕೊಳವೆಯ ಗೋಡೆಯೂ ಉಂಗುರಗಳ ಹೆಣಿಗೆಯೇ. ಉಂಗುರ ಉಂಗುರದ ಮೇಲೆ ಮಲಗುತ್ತದೆ. ಬಣ್ಣಕ್ಕೆ ಬಣ್ಣ ಕೊಡುವ ಎಲೆಕ್ಟ್ರಾನ್ ಮೋಡ ಯಾವುದೋ, ಹಿಡಿತವನ್ನು ಕೊಡುವುದೂ ಅದೇ. ಜೊತೆಗೆ ನೀರಿನಲ್ಲಿ ಕರಗಲೆಂದು ತಯಾರಕರು ಸೇರಿಸಿದ ಸಲ್ಫೊನೇಟ್ ಗುಂಪುಗಳು ಹೊರಕ್ಕೆ ಮುಖಮಾಡಿ ಋಣಾವೇಶ ಹೊತ್ತು ನಿಲ್ಲುತ್ತವೆ. ಹೀಗೆ ಬಣ್ಣ ಹೊದ್ದ ಎರಡು ಕೊಳವೆಗಳು ಹತ್ತಿರ ಬಂದರೆ ಒಂದನ್ನೊಂದು ದೂಡುತ್ತವೆ.

ಇದಕ್ಕೆ ಒಳ್ಳೆಯ ಉದಾಹರಣೆ ಕಾಂಗೊ ರೆಡ್. ಈ ಬಣ್ಣದ ಕತೆ ನ್ಯಾನೊಟ್ಯೂಬ್‌ಗಿಂತ ನೂರು ವರ್ಷ ಹಳೆಯದು. ಹತ್ತಿ ನೂಲಿಗೆ ಬಣ್ಣ ಹಾಕುವುದು ಹಿಂದೆ ತ್ರಾಸದ ಕೆಲಸವಾಗಿತ್ತು. ಪಟಕವನ್ನೋ ಅಳಲೆಕಾಯಿಯನ್ನೋ ಮೊದಲು ಉಣಿಸದಿದ್ದರೆ ಬಹುತೇಕ ಬಣ್ಣಗಳು ಹತ್ತಿಯನ್ನು ಕಚ್ಚುತ್ತಿರಲಿಲ್ಲ. 1883ರ ಸುಮಾರಿಗೆ ಜರ್ಮನಿಯ ಎಲ್ಬರ್‌ಫೆಲ್ಡ್‌ನ ಬೇಯರ್ ಕಂಪನಿಯಲ್ಲಿದ್ದ ರಸಾಯನಜ್ಞ ಪೌಲ್ ಬ್ಯೋಟಿಗರ್ ಕೈಗೆ, ಯಾವ ಪೂರ್ವಸಿದ್ಧತೆಯೂ ಬೇಡದೆ ನೇರವಾಗಿ ಹತ್ತಿಗೆ ಹತ್ತುವ ಕೆಂಪು ಬಣ್ಣ ಸಿಕ್ಕಿತು. ಅವನು ಅದನ್ನು ತನ್ನದೇ ಹೆಸರಿನಲ್ಲಿ ಪೇಟೆಂಟ್ ಮಾಡಿಸಿ ಬರ್ಲಿನ್‌ನ ಆಗ್ಫಾ ಕಂಪನಿಗೆ ಮಾರಿದ. ಆಗ ಬರ್ಲಿನ್‌ನಲ್ಲಿ ಯುರೋಪಿನ ದೇಶಗಳು ಆಫ್ರಿಕಾವನ್ನು ಹಂಚಿಕೊಳ್ಳುವ ಸಮ್ಮೇಳನ ನಡೆದಿತ್ತು, ಪತ್ರಿಕೆಗಳ ತುಂಬ ಕಾಂಗೊ ಎಂಬ ಹೆಸರು. ಮಾರಾಟಕ್ಕೆ ಅನುಕೂಲವೆಂದು ಬಣ್ಣಕ್ಕೂ ಅದೇ ಹೆಸರು ಬಿತ್ತು. ಬಣ್ಣಕ್ಕೂ ಕಾಂಗೊ ದೇಶಕ್ಕೂ ಬೇರೆ ಯಾವ ನಂಟೂ ಇಲ್ಲ.

ಅಣುವಿನ ಚಿತ್ರ ನೋಡಿದರೆ ಅದರ ಗುಟ್ಟು ತಿಳಿಯುತ್ತದೆ. ನಡುವೆ ಎರಡು ಬೆಂಜೀನ್ ಉಂಗುರ, ಎರಡೂ ಪಕ್ಕದಲ್ಲಿ ಒಂದೊಂದು ಅಜೊ ಬಂಧ, ತುದಿಗಳಲ್ಲಿ ನ್ಯಾಫ್ತಲೀನ್ ಉಂಗುರಜೋಡಿ, ಅವಕ್ಕೆ ಸಲ್ಫೊನೇಟ್ ಮತ್ತು ಅಮೈನೊ ಗುಂಪು. ಎರಡು ನ್ಯಾನೊಮೀಟರ್‌ಗೆ ಸ್ವಲ್ಪ ಹೆಚ್ಚು ಉದ್ದದ, ನೆಟ್ಟಗಿನ, ಚಪ್ಪಟೆ ಪಟ್ಟಿ. ಹತ್ತಿಯ ಸೆಲ್ಯುಲೋಸ್ ಎಳೆಯೂ ಉದ್ದ, ನೆಟ್ಟಗೆ. ಪಟ್ಟಿ ಎಳೆಯ ಗುಂಟ ಮಲಗಿತು. ಮುಂದೆ 1922ರಲ್ಲಿ ಹಾನ್ಸ್ ಬೆನ್‌ಹೋಲ್ಡ್ ಎಂಬ ವೈದ್ಯ, ರೋಗಿಗಳ ಅಂಗಾಂಶದಲ್ಲಿ ಕೂಡಿಕೊಳ್ಳುವ ಅಮೈಲಾಯ್ಡ್ ಎಂಬ ಪ್ರೋಟೀನ್ ನಾರುಗಳಿಗೂ ಇದೇ ಬಣ್ಣ ಹತ್ತುತ್ತದೆಂದು ತೋರಿಸಿದ. ಇಂದಿಗೂ ಪೆಥಾಲಜಿ ಲ್ಯಾಬಿನಲ್ಲಿ ಅಮೈಲಾಯ್ಡ್ ಪತ್ತೆಗೆ ಕಾಂಗೊ ರೆಡ್ ಬೇಕು. ಧ್ರುವೀಕೃತ ಬೆಳಕಿನಲ್ಲಿ ಅದು ಎಳೆಹಸಿರಾಗಿ ಹೊಳೆಯುವುದಕ್ಕೆ ಕಾರಣ, ಅಣುಗಳು ನಾರಿನ ಉದ್ದಕ್ಕೂ ಒಂದೇ ದಿಕ್ಕಿಗೆ ಸಾಲುಗಟ್ಟಿರುವುದು. 2006ರಲ್ಲಿ ಚೀನಾದ ವುಹಾನ್ ವಿಶ್ವವಿದ್ಯಾಲಯದ ತಂಡ ಇದೇ ಬಣ್ಣದಿಂದ ಒಂಟಿಪದರದ ನ್ಯಾನೊಟ್ಯೂಬ್‌ಗಳನ್ನು ನೀರಿಗಿಳಿಸಿತು. ಹತ್ತಿ, ಅಮೈಲಾಯ್ಡ್, ನ್ಯಾನೊಟ್ಯೂಬ್ ಮೂರಕ್ಕೂ ರಸಾಯನದ ನಂಟಿಲ್ಲ, ಆಕಾರದ ನಂಟಿದೆ. ಬಣ್ಣ ಆರಿಸುವಾಗ ಕ್ಯಾಟಲಾಗಿನಲ್ಲಿ ಹೊಳಪು ನೋಡಬೇಡಿ, ಅಣುವಿನ ಮೈಕಟ್ಟು ನೋಡಿ.

ನಿಮ್ಮಲ್ಲಿ ಬಾಗಲಕೋಟೆ ಕಡೆಯವರಿದ್ದರೆ ಇದನ್ನು ಬಣ್ಣದ ಮನೆಯಲ್ಲೇ ಕಂಡಿರಬಹುದು. ರೇಷ್ಮೆಗೆ ಹತ್ತುವ ಆಸಿಡ್ ಡೈ ಹತ್ತಿಗೆ ಹತ್ತದು. ಹತ್ತಿ ಹಾಸಿನ ಇಳಕಲ್ ಸೀರೆಗೆ ರೇಷ್ಮೆ ಸೆರಗು ಜೋಡಿಸುವವರಿಗೆ ಒಂದೊಂದು ನೂಲಿಗೆ ಒಂದೊಂದು ಜಾತಿಯ ಬಣ್ಣ ಎಂಬುದು ಹೊಸ ಮಾತಲ್ಲ.

ಕಾಂಗೊ ರೆಡ್ ಒಂದೇ ಅಲ್ಲ. ಕಾರಿನ ಪೇಂಟಿನ ಕೆಂಪಿಗೆ ಹೆಸರಾದ ಪೆರಿಲೀನ್ ಬಣ್ಣಗಳಿಗೆ ನೀರಿಗೊಗ್ಗುವ ಕೊಂಬೆಗಳನ್ನು ಜೋಡಿಸಿ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಆಂಡ್ರಿಯಾಸ್ ಹಿರ್ಷ್, ಕ್ಲಾಡಿಯಾ ಬಾಕೆಸ್ ಮುಂತಾದವರು ನ್ಯಾನೊಟ್ಯೂಬ್‌ಗೆಂದೇ ಅಣುಗಳನ್ನು ವಿನ್ಯಾಸ ಮಾಡಿದರು. ಕನೆಕ್ಟಿಕಟ್ ವಿಶ್ವವಿದ್ಯಾಲಯದವರು 2008ರಲ್ಲಿ ಬಳಸಿದ್ದು ಬಿ2 ಜೀವಸತ್ವದ ರೂಪವಾದ ಹಳದಿ ಫ್ಲೇವಿನ್. ಅದರ ಉಂಗುರಗಳು ಕೊಳವೆಯನ್ನು ಹಿಡಿದು, ಪಕ್ಕದ ಅಣುವಿನೊಂದಿಗೆ ಹೈಡ್ರೊಜನ್ ಬಂಧ ಬೆಸೆದು, ಸುರುಳಿ ಪಟ್ಟಿಯಾಗಿ ಸುತ್ತಿಕೊಳ್ಳುತ್ತವೆ. ಆ ಸುರುಳಿ ಎಲ್ಲ ಕೊಳವೆಗೂ ಒಂದೇ ತೆರನಾಗಿ ಕೂರುವುದಿಲ್ಲ, ಒಂದು ನಿರ್ದಿಷ್ಟ ವ್ಯಾಸ ಮತ್ತು ತಿರುಚಿನ ಕೊಳವೆಯನ್ನು ಹೆಚ್ಚು ಮೆಚ್ಚುತ್ತದೆ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್, ಸುಬಿ ಜಾರ್ಜ್ ಮತ್ತವರ ಸಂಗಡಿಗರು 2010ರಲ್ಲಿ ಮಾಡಿದ ಕೆಲಸ ನೀವು ಓದಲೇಬೇಕಾದದ್ದು. ಅವರು ಹಿಡಿದದ್ದು ಕೊರೊನೀನ್ ಎಂಬ ಏಳು ಉಂಗುರಗಳ ತಟ್ಟೆಯಂಥ ಅಣು, ಅದರ ಅಂಚಿಗೆ ನಾಲ್ಕು ಕಾರ್ಬಾಕ್ಸಿಲೇಟ್ ಗುಂಪು. ಬೆಳಗುವ ಈ ಅಣುವಿನಿಂದ ಗ್ರಾಫೀನ್ ಪದರಗಳನ್ನು ನೀರಿನಲ್ಲಿ ಬಿಡಿಸಿದರು. ನ್ಯಾನೊಟ್ಯೂಬ್‌ಗಳ ಜೊತೆ ಬೆರೆಸಿದಾಗ ಲೋಹಗುಣದವು ಹೆಚ್ಚಾಗಿ ತಳಕ್ಕಿಳಿದವು, ಅರೆವಾಹಕಗಳು ನೀರಿನಲ್ಲೇ ಉಳಿದವು. ಸೆಂಟ್ರಿಫ್ಯೂಜಿನ ಸಹಾಯವಿಲ್ಲದೆ ವಿಂಗಡಣೆ! ಕೋಟಿ ಬೆಲೆಯ ಯಂತ್ರವಿಲ್ಲದ ವಿಭಾಗದವರಿಗೆ ಇದರಲ್ಲಿ ಪಾಠವಿದೆ.

ಈಗ ಬಲಗಡೆಯ ಬಾಟಲಿಗೆ ಬರೋಣ.

ಬಣ್ಣವೂ ಗಾಢ, ನ್ಯಾನೊಟ್ಯೂಬೂ ಗಾಢ. ಗಟ್ಟಿಯಾಗಿ ಕಲಸಿದ ಕಾಂಗೊ ರೆಡ್ ನೀರು ಕೊಳವೆಯೇ ಇಲ್ಲದೆಯೂ ಬಾಟಲಿಯಲ್ಲಿ ಕಪ್ಪಾಗೇ ಕಾಣುತ್ತದೆ. ಹಾಗಾಗಿ ಫೋಟೊದಲ್ಲಿ ಮೂರನೇ ಬಾಟಲಿ ಇರಲೇಬೇಕು: ಅಷ್ಟೇ ಬಣ್ಣ, ಅಷ್ಟೇ ನೀರು, ಅಷ್ಟೇ ಹೊತ್ತು ಸೋನಿಕೇಟರ್, ಕೊಳವೆ ಮಾತ್ರ ಇಲ್ಲ. ಅದಿಲ್ಲದ ಫೋಟೊ ವರದಿಯ ಅಲಂಕಾರಕ್ಕೆ ಸರಿ, ವಾದಕ್ಕೆ ಸಾಲದು. ಇನ್ನೊಂದು ತೊಡಕೂ ಇದೆ. ಕಾಂಗೊ ರೆಡ್ ಅಣುಗಳು ಕೊಳವೆ ಸಿಗದಿದ್ದರೂ ಸುಮ್ಮನಿರುವುದಿಲ್ಲ, ತಮ್ಮತಮ್ಮಲ್ಲೇ ಒಂದರ ಮೇಲೊಂದು ಪೇರಿಕೊಂಡು ಪಟ್ಟಿಗಳಾಗುತ್ತವೆ. ಬೆಳಕಿನ ಚದುರುವಿಕೆಯ ಉಪಕರಣದಲ್ಲಿ ಕಣಗಳ ಗಾತ್ರ ಅಳೆದು ಇವೇ ಕೊಳವೆಗಳು ಎಂದು ಬರೆದುಕೊಳ್ಳುವ ಮುನ್ನ ಆ ಮೂರನೇ ಬಾಟಲಿಯನ್ನೂ ಅಳೆಯಿರಿ.

ಸೆಂಟ್ರಿಫ್ಯೂಜ್ ಮಾಡಿದ ಮೇಲೆ ಏನು ಉಳಿಯಿತು ಎಂಬುದು ಮುಂದಿನ ಪ್ರಶ್ನೆ. ಬಿಡಿ ಕೊಳವೆ ತನ್ನ ಹೊದಿಕೆಯೊಂದಿಗೆ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ, ಕಟ್ಟು ಅದಕ್ಕಿಂತ ಭಾರ, ಘನ ಸೆಂಟಿಮೀಟರ್‌ಗೆ 1.2 ಗ್ರಾಂ ಆಸುಪಾಸು. ವ್ಯತ್ಯಾಸ ಸಣ್ಣದು. ಮೇಜಿನ ಮೇಲಿನ ಸಾಮಾನ್ಯ ಯಂತ್ರ ದೊಡ್ಡ ಗಡ್ಡೆಗಳನ್ನಷ್ಟೇ ಇಳಿಸುತ್ತದೆ, ಸಣ್ಣ ಕಟ್ಟುಗಳು ಮೇಲೆಯೇ ತೇಲುತ್ತವೆ. ಆ ಯಂತ್ರ ಬಳಸಿ ಒಂಟಿ ಕೊಳವೆಗಳನ್ನು ಪಡೆದೆವು ಎಂದು ಬರೆಯುವುದು ದುಡುಕು.

ಒಂಟಿಪದರದ ಕೊಳವೆಯಾದರೆ ಸ್ಪೆಕ್ಟ್ರೋಮೀಟರ್ ನಿಜ ಹೇಳುತ್ತದೆ, ಸರಿಯಾದ ಜಾಗ ನೋಡಿದರೆ. ಕಾಂಗೊ ರೆಡ್ ನೀರಿನಲ್ಲಿ 500 ನ್ಯಾನೊಮೀಟರ್ ಸುತ್ತ ಬಲವಾಗಿ ಬೆಳಕು ಹೀರುತ್ತದೆ, ಅಲ್ಲಿ ಕೊಳವೆಯ ಗುರುತುಗಳು ಹೂತುಹೋಗುತ್ತವೆ. 900 ದಾಟಿ ಅವಕೆಂಪಿಗೆ ಹೋಗಿ. ಅಲ್ಲಿ ಬಣ್ಣದ ಗದ್ದಲವಿಲ್ಲ. ಉದಾಹರಣೆಗೆ 6,5 ಎಂದು ಗುರುತಿಸುವ ಕೊಳವೆಯ ಶಿಖರ 980ರ ಹತ್ತಿರ ಸಿಗುತ್ತದೆ. ಶಿಖರಗಳು ಚೂಪಾಗಿ ಬಿಡಿಬಿಡಿಯಾಗಿದ್ದರೆ ಕೊಳವೆಗಳೂ ಬಿಡಿ. ಅಗಲವಾಗಿ, ಉದ್ದದ ತರಂಗದ ಕಡೆಗೆ ಸರಿದಿದ್ದರೆ ಕಟ್ಟುಗಳಿವೆ ಎಂದರ್ಥ. ನಮ್ಮ ಬಹುತೇಕ ಪ್ರಾಜೆಕ್ಟ್‌ಗಳಲ್ಲಿ ಬಳಸುವ ಅಗ್ಗದ ಬಹುಪದರ ಕೊಳವೆಗಳಿಗೆ ಈ ಸೌಲಭ್ಯವಿಲ್ಲ, ಅವಕ್ಕೆ ಇಂಥ ಶಿಖರಗಳೇ ಇಲ್ಲ. ಅಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಗತಿ. ಅದೂ ಹುಷಾರಾಗಿ: ಜಾಲರಿಯ ಮೇಲೆ ಹನಿ ಒಣಗುವಾಗಲೇ ಕೊಳವೆಗಳು ಮತ್ತೆ ಕೂಡಿಕೊಳ್ಳಬಲ್ಲವು.

ಬೆಳಗುವ ಬಣ್ಣ ಬಳಸಿದವರಿಗೆ ಒಂದು ಅನುಕೂಲವಿದೆ. ಕೊಳವೆಗೆ ಅಂಟಿದ ಪೆರಿಲೀನ್ ಮಂಕಾಗುತ್ತದೆ, ನೀರಿನಲ್ಲಿ ಉಳಿದದ್ದು ಬೆಳಗುತ್ತಲೇ ಇರುತ್ತದೆ. ಮಿನುಗು ಎಷ್ಟು ಕುಗ್ಗಿತು ಎಂಬುದರಿಂದ ಎಷ್ಟು ಅಂಟಿತು ಎಂದು ಅಂದಾಜಿಸಬಹುದು. ಆದರೆ ಕಪ್ಪು ದ್ರವ ತಾನೇ ಬೆಳಕನ್ನು ನುಂಗುತ್ತದೆ ಎಂಬುದನ್ನು ಮರೆತು ಕುಗ್ಗಿದ್ದೆಲ್ಲವನ್ನೂ ಅಂಟಿದ ಲೆಕ್ಕಕ್ಕೆ ಸೇರಿಸಬೇಡಿ.

ಇದಕ್ಕಿಂತ ಸರಳವಾದ, ಯಾವ ಕಾಲೇಜಿನಲ್ಲೂ ಮಾಡಬಹುದಾದ ಪರೀಕ್ಷೆಯೊಂದಿದೆ. ದ್ರವವನ್ನು ಸಣ್ಣ ರಂಧ್ರದ ಫಿಲ್ಟರ್ ಪೊರೆಯಲ್ಲಿ ಸೋಸಿ. ಕೆಳಗಿಳಿಯುವ ನೀರು ಬಣ್ಣವಿಲ್ಲದಂತಾಗುವವರೆಗೂ ಶುದ್ಧ ನೀರು ಹುಯ್ದು ತೊಳೆಯಿರಿ. ಪೊರೆಯ ಮೇಲೆ ಉಳಿದ ಕರಿಯ ಹೆಪ್ಪನ್ನು ಬಣ್ಣ ಬೆರೆಸದ ನೀರಿಗೆ ಹಾಕಿ ಸ್ವಲ್ಪ ಹೊತ್ತು ಸೋನಿಕೇಟ್ ಮಾಡಿ. ಮತ್ತೆ ಹರಡಿಕೊಂಡು ದಿನಗಟ್ಟಲೆ ನಿಂತರೆ ಬಣ್ಣ ನಿಜವಾಗಿ ಗೋಡೆ ಹಿಡಿದಿದೆ. ತಳ ಸೇರಿದರೆ ಮೊದಲಿನ ಕಪ್ಪೆಲ್ಲ ಹೆಚ್ಚುವರಿ ಬಣ್ಣದ ಉಪಕಾರ. ಸಾಬೂನಿಗಿಂತ ಬಣ್ಣ ಮೇಲು ಎಂಬ ವಾದ ನಿಲ್ಲುವುದೂ ಬೀಳುವುದೂ ಈ ಪರೀಕ್ಷೆಯಲ್ಲೇ. ಮೂವತ್ತು ಪುಟದ ವರದಿಯಲ್ಲಿ ಇದಕ್ಕೊಂದು ಪುಟ ಕೊಡುವುದು ದುಬಾರಿಯಲ್ಲ.

ನೀರಿನ ಬಗ್ಗೆಯೂ ಒಂದು ಮಾತು. ಕೊಳವೆಗಳನ್ನು ದೂರ ಇಟ್ಟಿರುವುದು ಋಣಾವೇಶ. ಉಪ್ಪು ಬಿದ್ದರೆ ಆ ಆವೇಶಕ್ಕೆ ತೆರೆ ಬೀಳುತ್ತದೆ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಇನ್ನೂ ಜೋರು, ಎರಡೆರಡು ಧನಾವೇಶ ಹೊತ್ತು ಕೊಳವೆಗಳ ನಡುವೆ ಸೇತುವೆ ಕಟ್ಟುತ್ತವೆ. ಡಿಸ್ಟಿಲ್ಡ್ ವಾಟರ್ ಮುಗಿದಿದೆ ಎಂದು ನಲ್ಲಿಗೆ ಹೋಗಬೇಡಿ. ಆಮ್ಲವೂ ಹಾಗೇ: ಪಿಎಚ್ 3ಕ್ಕಿಂತ ಕೆಳಗಿಳಿದರೆ ಕಾಂಗೊ ರೆಡ್ ನೀಲಿಗೆ ತಿರುಗಿ ಗಡ್ಡೆ ಕಟ್ಟುತ್ತದೆ. ಜೀಟಾ ವಿಭವ ಅಳೆಯುವ ಉಪಕರಣ ಎಟುಕುವಂತಿದ್ದರೆ, ಋಣ 30 ಮಿಲಿವೋಲ್ಟ್ ದಾಟಿದೆಯೇ ಎಂದು ನೋಡುವುದು ರೂಢಿ. ಸೋನಿಕೇಟರ್ ಹೆಚ್ಚು ಹೊತ್ತು ಓಡಿಸಿದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಬೇಡ. ಅದು ಕೊಳವೆಗಳನ್ನು ತುಂಡರಿಸುತ್ತದೆ, ಅಜೊ ಬಣ್ಣವನ್ನೂ ಒಡೆಯಬಲ್ಲದು.

ಬಣ್ಣವನ್ನು ಉಳಿಸಿಕೊಳ್ಳುವುದೋ ತೊಳೆಯುವುದೋ ಎಂಬುದು ಮುಂದಿನ ಉಪಯೋಗಕ್ಕೆ ಬಿಟ್ಟದ್ದು. ವಿದ್ಯುತ್ ಹರಿಸುವ ತೆಳು ಲೇಪ ಬೇಕಿದ್ದರೆ ಎರಡು ಕೊಳವೆಗಳ ನಡುವೆ ಕೂತ ಬಣ್ಣ ಅಡ್ಡಗೋಡೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಇಗೊರ್ ಝಿಟೊಮಿರ್ಸ್ಕಿ ತಂಡದ ಸೂಪರ್‌ಕೆಪಾಸಿಟರ್ ಕೆಲಸದಲ್ಲಿ ಹಾಗಲ್ಲ, ಅಲ್ಲಿ ಬಣ್ಣಕ್ಕೆ ಎರಡನೇ ಉದ್ಯೋಗವಿದೆ. ಪೈರೊಕೆಟೆಕಾಲ್ ವಯಲೆಟ್, ಸೆಲೆಸ್ಟೀನ್ ಬ್ಲೂ ಮುಂತಾದ ಬಣ್ಣಗಳು ಕೊಳವೆಗೆ ಆವೇಶ ಕೊಡುತ್ತವೆ. ವಿದ್ಯುತ್ ಕ್ಷೇತ್ರ ಹಾಕಿದರೆ ಕೊಳವೆಗಳು ಸಾಗಿಹೋಗಿ ವಿದ್ಯುದ್ವಾರದ ಮೇಲೆ ಪದರವಾಗಿ ಕೂರುತ್ತವೆ. ಅದೇ ಬಣ್ಣ ಮ್ಯಾಂಗನೀಸ್ ಡೈಆಕ್ಸೈಡ್ ಕಣಗಳನ್ನೂ ಹಿಡಿದು ಜೊತೆಗೆ ಒಯ್ಯಬಲ್ಲದು.

ಇನ್ನು ಜೋಪಾನದ ಮಾತು. ಇದನ್ನು ವರದಿಯ ಕೊನೆಯ ಪುಟಕ್ಕೆ ತಳ್ಳುವ ಅಭ್ಯಾಸ ಕೆಟ್ಟದ್ದು. ಕಾಂಗೊ ರೆಡ್‌ನ ನಡುಭಾಗ ಬೆಂಜಿಡೀನ್, ಮೂತ್ರಕೋಶದ ಕ್ಯಾನ್ಸರ್ ತರುವುದೆಂದು ಖಚಿತವಾದ ವಸ್ತು. ದೇಹದೊಳಗೆ ಬಣ್ಣ ಒಡೆದು ಅದು ಬಿಡುಗಡೆಯಾಗಬಹುದು. ಭಾರತ ಸರ್ಕಾರ 1990ರ ದಶಕದಲ್ಲಿ ಎರಡು ಕಂತಿನಲ್ಲಿ 112 ಅಜೊ ಬಣ್ಣಗಳನ್ನು ನಿಷೇಧಿಸಿದಾಗ ಬೆಂಜಿಡೀನ್ ಕುಟುಂಬ ಆ ಪಟ್ಟಿಯಲ್ಲಿತ್ತು. ಪ್ರಯೋಗಾಲಯದ ಕಪಾಟಿನಲ್ಲಿ ಸಣ್ಣ ಬಾಟಲಿ ಇನ್ನೂ ಸಿಗುತ್ತದೆ. ಸಿಕ್ಕಿತೆಂದು ಅದನ್ನೇ ಹಿಡಿಯಬೇಕಿಲ್ಲ, ಫ್ಲೇವಿನ್‌ನಂಥ ಸೌಮ್ಯ ಅಣುಗಳಿಂದಲೂ ಪ್ರಾಜೆಕ್ಟ್ ಆಗುತ್ತದೆ. ಕೊಳವೆಗಳೂ ಸಾಧುವಲ್ಲ. ಉದ್ದನೆಯ ಬಹುಪದರ ಕೊಳವೆಗಳು ಇಲಿಗಳಲ್ಲಿ ಕಲ್ನಾರಿನಂಥ ಪರಿಣಾಮ ತೋರಿಸಿದ ಎಡಿನ್‌ಬರೊ ಅಧ್ಯಯನ 2008ರದ್ದು. 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬಹುಪದರ ಕೊಳವೆಗಳ ಒಂದು ಬಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಗುಂಪಿಗೆ ಸೇರಿಸಿತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಸೂಚಿಸಿದ ಮಿತಿ ಗಾಳಿಯ ಒಂದು ಘನ ಮೀಟರ್‌ಗೆ ಒಂದೇ ಮೈಕ್ರೊಗ್ರಾಂ. ಫ್ಯಾನ್ ಕೆಳಗೆ ಪುಡಿ ತೂಗಬೇಡಿ. ನೀರಿಗೆ ಬಿದ್ದ ಮೇಲೆ ಧೂಳಿನ ಭಯ ಕಡಿಮೆ, ಆದರೆ ಸೋನಿಕೇಟರ್ ಕೋಲು ತುಂತುರು ಎಬ್ಬಿಸುತ್ತದೆ, ಮುಚ್ಚಿದ ಪೆಟ್ಟಿಗೆಯೊಳಗೇ ಓಡಿಸಿ.

ಉಳಿದ ದ್ರವವನ್ನು ಸಿಂಕಿಗೆ ಸುರಿಯುವುದಂತೂ ಆಗಬಾರದು. ಬಣ್ಣದ ಕಾರ್ಖಾನೆಗಳ ಕೊಳಚೆಯಿಂದ ಬಣ್ಣ ಹೀರಿ ತೆಗೆಯಲು ನ್ಯಾನೊಟ್ಯೂಬ್ ಬಳಸುವ ಸಂಶೋಧನೆಯೇ ಬೇರೆಯಾಗಿ ನಡೆದಿದೆ. ಅಲ್ಲಿ ಕೆಲಸ ಮಾಡುವುದೂ ಇದೇ ಹಿಡಿತ, ಉದ್ದೇಶ ಮಾತ್ರ ತಿರುವುಮುರುವು. ಅದನ್ನು ನೀವೂ ಬಳಸಿಕೊಳ್ಳಬಹುದು. ತ್ಯಾಜ್ಯದ ಬಾಟಲಿಗೆ ಅಡುಗೆ ಉಪ್ಪನ್ನೋ ಕ್ಯಾಲ್ಸಿಯಂ ಕ್ಲೋರೈಡನ್ನೋ ಧಾರಾಳವಾಗಿ ಹಾಕಿ ಒಂದು ರಾತ್ರಿ ಬಿಟ್ಟರೆ ಕೊಳವೆಗಳು ಗಡ್ಡೆ ಕಟ್ಟಿ, ಅಂಟಿದ ಬಣ್ಣವನ್ನೂ ಎಳೆದುಕೊಂಡು ತಳಕ್ಕಿಳಿಯುತ್ತವೆ. ಸೋಸಿದ ಹೆಪ್ಪನ್ನು ಒದ್ದೆಯಿರುವಾಗಲೇ ಮುಚ್ಚಳದ ಡಬ್ಬಿಗೆ ಹಾಕಿ, ಮೇಲೆ ಬಣ್ಣದ ಹೆಸರು, ಕೊಳವೆಯ ಬಗೆ, ದಿನಾಂಕ ಬರೆದು ಅಪಾಯಕಾರಿ ತ್ಯಾಜ್ಯದವರ ಕೈಗೆ ಕೊಡಿ. ಸೋಸಿ ಬಂದ ನೀರಿನಲ್ಲಿ ಇನ್ನೂ ಬಣ್ಣವಿದ್ದರೆ ಅದನ್ನೂ ಬೇರೆ ಕ್ಯಾನಿನಲ್ಲಿ ಕೂಡಿಡಿ.

ಇಂತಿ,
ನಿಮ್ಮ ವರದಿಗಳನ್ನು ಆಸ್ಥೆಯಿಂದ ಓದುವ ವಿಜ್ಞಾನ ಬರಹಗಾರ